ಎಂಟು ಗಂಟೆಯ ಸ್ಪೆಷಲ್ ಕ್ಲಾಸು

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಎಸ್‌ಎಸ್‌ಎಲ್‌ಸಿ ಓದುವ ಹಳ್ಳಿ ಹುಡುಗಿ. ಅಮ್ಮನ ಜೊತೆ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದಳು. "ಒಂಬತ್ತನೇ ಕ್ಲಾಸಿನವರೆಗೂ ಚೆನ್ನಾಗಿ ಓದ್ತಿದ್ಲು ಮೇಡಂ. ಈಗ ಪುಸ್ತಕ ಹಿಡಿದ್ರೆ ತೂಕಡಿಸ್ತಾಳೆ, ಏನಾದ್ರೂ ಕೇಳಿದ್ರೆ ಅಳ್ತಾಳೆ. ಯಾರ ದೃಷ್ಟಿ ತಾಗಿದೆಯೋ" ಅಂದರು ಅಮ್ಮ.

ನಾನು ಓದಿನ ಮಾತೇ ಎತ್ತಲಿಲ್ಲ. ಒಂದು ಹಾಳೆ ಕೊಟ್ಟು, "ನಿನ್ನೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡಿದೆ, ಗಂಟೆ ಸಮೇತ ಬರಿ" ಅಂದೆ. 4.45ಕ್ಕೆ ಏಳುವುದು. ಕೊಟ್ಟಿಗೆ ಗುಡಿಸಿ, ಡೇರಿಗೆ ಹಾಲು ಹಾಕಿ ಬರುವುದು. 7ರ ಬಸ್ಸು. 8ಕ್ಕೆ ಗಣಿತದ ಸ್ಪೆಷಲ್ ಕ್ಲಾಸು. ಸಂಜೆ ಶಾಲೆ ಬಿಟ್ಟ ಮೇಲೆ ಇನ್ನೊಂದು. ಮನೆ ಸೇರುವಾಗ 7 ಗಂಟೆ, ಮಲಗುವಾಗ 11.30. ಬೆಳಗಿನ 8.20ರ ಎದುರು "ನಿದ್ದೆ" ಅಂತ ಬರೆದು ಗೀಚಿ ಹಾಕಿದ್ದಳು.

ರಾತ್ರಿಗೆ ಐದೂಕಾಲು ಗಂಟೆ ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಅದಕ್ಕೇ ಬೆಳಗ್ಗೆ ಬೇಗ ಏಳೋದು ಕಷ್ಟ, ಸೋಮಾರಿತನ ಖಂಡಿತ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾರಣಕ್ಕೆ 2022ರಿಂದ ಬಹುತೇಕ ಹೈಸ್ಕೂಲುಗಳು 8.30ಕ್ಕಿಂತ ಮೊದಲು ಶುರುವಾಗುವಂತಿಲ್ಲ.

"ಮನೇಲಿ ಇನ್ನು ಯಾರಿದ್ದಾರೆ?" ಅಂದೆ.

"ದೊಡ್ಡವ್ನು ಇದ್ದಾನೆ, ಡಿಗ್ರಿ ಓದ್ತಾನೆ. ಅವ್ನು ಏಳೋದೇ ಎಂಟಕ್ಕೆ..." ಅಷ್ಟು ಹೇಳಿ ಅಮ್ಮ ತಾವೇ ಸುಮ್ಮನಾದರು.

ಪರೀಕ್ಷೆ ಮುಗಿಯುವವರೆಗೆ ಕೊಟ್ಟಿಗೆ, ಡೇರಿ ಎರಡೂ ಅಣ್ಣನಿಗೆ ಅಂತ ತೀರ್ಮಾನವಾಯಿತು. ರಾತ್ರಿ 10ಕ್ಕೆ ಪುಸ್ತಕ ಮುಚ್ಚಬೇಕು, ಪಾಠ ಮುಗಿಯಲಿ ಬಿಡಲಿ. ರಕ್ತ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದೆ. ರಕ್ತ ಕಮ್ಮಿಯಿದ್ದರೂ ಹೀಗೇ ಸುಸ್ತಾಗುತ್ತದೆ, ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ.

ಆದರೆ 7ರ ಬಸ್ಸನ್ನು ಮನೆಯವರು ಬದಲಿಸಲು ಆಗುತ್ತದಾ? ಅವರ ಒಪ್ಪಿಗೆ ತೆಗೆದುಕೊಂಡು ಹೆಡ್‌ಮಾಸ್ಟರ್ ಹತ್ತಿರ ಹೋದೆ. "ರಿಸಲ್ಟ್ ಇಳಿದ್ರೆ ಉತ್ತರ ಕೊಡ್ಬೇಕಾದವ್ನು ನಾನು ಮೇಡಂ" ಅಂದರು. ಅವರ ಭಯ ಸುಳ್ಳಲ್ಲ. ಶನಿವಾರ ಶಾಲೆಯ ಹೊತ್ತು ಬದಲಿಸಿ ಬೆಳಗ್ಗೆಯೇ ನಡೆಸುತ್ತೀರಿ. ಬಿಸಿಲು ಜಾಸ್ತಿ ಅಂತ ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಬದಲಾಗುವ ಹೊತ್ತು ಮಕ್ಕಳಿಗೋಸ್ಕರವೂ ಬದಲಾಗಬಹುದು ಅಲ್ವಾ, ಅಂದೆ.

ಪಕ್ಕದಲ್ಲಿ ಕೂತಿದ್ದ ಗಣಿತದ ಮೇಡಂ ಆಗ ಬಾಯಿ ಬಿಟ್ಟರು. ಅವರಿಗೆ ಎರಡು ವರ್ಷದ ಮಗು. "ಅದು ಏಳೋ ಮೊದಲೇ ನಾನು ಮನೆ ಬಿಡ್ತೀನಿ ಸರ್. ಎಂಟು ಗಂಟೆಗೆ ಮಕ್ಕಳಿಗೂ ತಲೆಗೆ ಹತ್ತಲ್ಲ, ನನಗೂ ಹೇಳಿಕೊಡೋಕೆ ಉತ್ಸಾಹ ಇರಲ್ಲ." ಇಡೀ ಮಾತುಕತೆ ತಿರುಗಿದ್ದು ಅಲ್ಲಿ. ನಾನು ಹುಡುಗಿಯ ನಿದ್ದೆಯ ಬಗ್ಗೆ ಹೇಳಿದ್ದು ಯಾವುದೂ ಅಷ್ಟು ಕೆಲಸ ಮಾಡಿರಲಿಲ್ಲ.

ಒಂದು ತಿಂಗಳ ಮಟ್ಟಿಗೆ ಒಪ್ಪಿದರು. ಬೆಳಗಿನ ಕ್ಲಾಸು ವಾರಕ್ಕೆ ಎರಡೇ ದಿನ, ಮೇಷ್ಟ್ರುಗಳು ಸರದಿಯಲ್ಲಿ ಬರುವುದು. ದೂರದ ಬಸ್ಸಿನ ಮಕ್ಕಳು ಬೇಕಿದ್ದರೆ ಆ ಪಾಠವನ್ನು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಗುಂಪಾಗಿ ಕೂತು ಮಾಡಬಹುದು. ಆಟದ ಪಿರಿಯಡ್ ಮಾತ್ರ ಮುಟ್ಟಬೇಡಿ ಅಂತ ಕೈ ಮುಗಿದು ಕೇಳಿಕೊಂಡೆ.

ಐದು ವಾರ ಆದ ಮೇಲೆ ಹುಡುಗಿ ಮತ್ತೆ ಬಂದಳು. ಅಳು ನಿಂತಿದೆ. ಅಣ್ಣ ಎರಡು ದಿನ ಗೊಣಗಿ ಈಗ ಏಳುತ್ತಾನಂತೆ. ಮತ್ತೆ ಅದೇ ಹಾಳೆ ಬರೆಸಿದೆ. ಗುರುವಾರದ 8.20ರ ಎದುರು ಇನ್ನೂ "ನಿದ್ದೆ" ಇದೆ. ಈ ಸಲ ಗೀಚಿ ಹಾಕಿರಲಿಲ್ಲ.