ಸಂಪಾದಕರ ಉತ್ತರ: ಮೊದಲು ಗ್ರ್ಯಾಂಟ್ ಗ್ರೀನ್ ಕೇಳಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗೆಳೆಯರು ಕೊಟ್ಟ ಎರಡು ಮೂರು ಜಾಝ್ ಆಲ್ಬಂ ಕೇಳಿದೆ. ಬೆರಳು ಓಡಿದ್ದೇ ಓಡಿದ್ದು, ಮನಸ್ಸಿಗೆ ಹತ್ತಲಿಲ್ಲ. ಫಂಕ್ ಬೀಟ್ ಇರುವ ಜಾಝ್ ಗಿಟಾರ್ ಆಲ್ಬಂ ಒಂದೇ ಒಂದು ಹೇಳಿ. ಅದು ಅಸಲಿ ಜಾಝ್ ಅಲ್ಲ ಅಂತಾರೆ, ಹೌದಾ?"

ಪ್ರಿಯ ಓದುಗರೇ,

ಒಂದೇ ಅಂದರೆ ನನ್ನ ಆಯ್ಕೆ ಅಮೆರಿಕದ ಜಾಝ್ ಗಿಟಾರ್ ವಾದಕ ಗ್ರ್ಯಾಂಟ್ ಗ್ರೀನ್ ಅವರ 'ಅಲೈವ್!'. 1970ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ, ಕ್ಲೀಶೆ ಲೌಂಜ್ ಅನ್ನುವ ಕ್ಲಬ್ಬಿನಲ್ಲಿ ಜನರೆದುರೇ ನುಡಿಸಿದ್ದು. ಬ್ಲೂ ನೋಟ್ ಕಂಪನಿ ಹೊರತಂದಿತು.

ಇದರಲ್ಲಿ ಓಟವಿಲ್ಲ. ಗ್ರೀನ್ ಸೋಲೋ ನುಡಿಸುವಾಗ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವುದು ಕಡಿಮೆ. ಒಂದೊಂದೇ ಸ್ವರ, ಒಂದೊಂದೂ ಸ್ಪಷ್ಟ, ಸ್ಯಾಕ್ಸೋಫೋನ್ ಊದುವವರು ಉಸಿರು ತೆಗೆದುಕೊಳ್ಳುವ ಹಾಗೆ ನಡುನಡುವೆ ಜಾಗ. ನೀವು ಆರ್ಕೆಸ್ಟ್ರಾದವರು, ಜಾಗ ಬಿಡುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ವಾ?

ಮೊದಲು 'ಸೂಕಿ ಸೂಕಿ' ಹಾಕಿ. ಮೂಲದಲ್ಲಿ ಅದು ಡಾನ್ ಕೋವೇ ಅವರ ಸೋಲ್ ಹಾಡು, ಅಂದರೆ ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತದ್ದು. ಇಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ನಡೆಯುತ್ತದೆ. ಮೊದಲ ಸಲ ಗಿಟಾರ್ ಬಿಟ್ಟು ಡ್ರಮ್ಸ್ ಕೇಳಿ. ನುಡಿಸಿದವರು ಇದ್ರಿಸ್ ಮುಹಮ್ಮದ್. ನ್ಯೂ ಆರ್ಲಿಯನ್ಸ್‌ನವರು, ಅಲ್ಲಿನ ಬೀದಿ ಮೆರವಣಿಗೆಯ ಬ್ಯಾಂಡ್‌ಗಳ ಸದ್ದಿನಲ್ಲಿ ಬೆಳೆದವರು. ಫಂಕ್‌ನಲ್ಲಿ ಸಮದ ಮೇಲೆ ಗಟ್ಟಿ ಪೆಟ್ಟು ಬೀಳಬೇಕು, ಉಳಿದದ್ದೆಲ್ಲ ಅದರ ಸುತ್ತ ಆಡಬೇಕು. ಅದನ್ನು ಇವರ ಕೈಯಲ್ಲಿ ಕೇಳಬೇಕು. ಬೇಸ್ ಗಿಟಾರ್ ಹುಡುಕಬೇಡಿ, ಈ ತಂಡದಲ್ಲಿ ಅದಿಲ್ಲ. ತಗ್ಗಿನ ಸ್ವರಗಳ ಆ ಕೆಲಸ ಆರ್ಗನ್ನಿನದೇ. ಆರ್ಗನ್ ಮುಂದೆ ಕೂತ ರಾನಿ ಫಾಸ್ಟರ್ ಆಗ 20ರ ಹುಡುಗ.

ಎರಡನೇ ಸಲ ಗಿಟಾರ್ ಹಿಂದೆ ಹೋಗಿ. ಗ್ರೀನ್ ಒಂದು ಸಣ್ಣ ಪಲುಕು ಹಿಡಿದು ಬಿಡದೆ ತಿರುಗಿಸುತ್ತಾರೆ. ಮೂರು ಸಲ, ಐದು ಸಲ, ಇನ್ನೂ. ಈಗ ಬಿಡುತ್ತಾರೆ ಅಂದುಕೊಂಡರೆ ಬಿಡುವುದಿಲ್ಲ. ಕೆಳಗೆ ಡ್ರಮ್ಸ್, ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್) ಏರುತ್ತಾ ಹೋಗುತ್ತವೆ. ಕೊನೆಗೆ ಅವರು ಬೇರೆ ಸ್ವರಕ್ಕೆ ದಾಟಿದಾಗ ಎದೆಯೊಳಗೆ ಏನೋ ಸಡಿಲವಾದಂತೆ ಆಗುತ್ತದೆ. ನನಗಂತೂ ವೇಗದ ಎಷ್ಟೋ ಸೋಲೋಗಳಲ್ಲಿ ಈ ಸುಖ ಸಿಕ್ಕಿಲ್ಲ.

ಇನ್ನು ನಿಮ್ಮ ಗೆಳೆಯರ ಮಾತು. ಆಗಿನ ಜಾಝ್ ವಿಮರ್ಶಕರಲ್ಲೂ ಹಲವರು ಇದನ್ನೇ ಹೇಳಿದರು, ಗ್ರೀನ್ ದುಡ್ಡಿಗಾಗಿ ದಾರಿ ಬಿಟ್ಟರು ಅಂತ. ನಾನು ಒಪ್ಪುವುದಿಲ್ಲ. 1963ರಲ್ಲಿ ಅವರೇ ರೆಕಾರ್ಡ್ ಮಾಡಿದ 'ಐಡಲ್ ಮೊಮೆಂಟ್ಸ್' ಕೇಳಿ. ಅದು ನಿಧಾನ, ರಾತ್ರಿಯ ಸಂಗೀತ, ಯಾರೂ ಬೆರಳು ತೋರಿಸದ ಜಾಝ್. ಆ ಕೈಯೇ ಇಲ್ಲೂ ಇದೆ. ಅದೇ ಜಾಗ, ಅದೇ ಸಣ್ಣ ಪಲುಕು, ಸ್ಥಳದಲ್ಲೇ ಹುಟ್ಟುವ ಅದೇ ಮನೋಧರ್ಮ. ಬದಲಾದದ್ದು ಕಾಲ ಕೆಳಗಿನ ನೆಲ ಮಾತ್ರ. 1970ರಲ್ಲಿ ನ್ಯೂಅರ್ಕ್‌ನ ಕಪ್ಪು ಜನರ ಕಿವಿಯಲ್ಲಿ ಫಂಕ್ ಗಾಯಕ ಜೇಮ್ಸ್ ಬ್ರೌನ್ ಇದ್ದರು. ತನ್ನ ಜನ ಕುಣಿಯುವ ತಾಳಕ್ಕೆ ನುಡಿಸುವುದು ತಪ್ಪು ಹೇಗಾಗುತ್ತದೆ?

ಗ್ರೀನ್ 1979ರಲ್ಲಿ, ಇನ್ನೂ 43ರ ವಯಸ್ಸಿಗೇ ತೀರಿಕೊಂಡರು. ಇದೇ ಆಲ್ಬಮ್ಮಿನ 'ಡೌನ್ ಹಿಯರ್ ಆನ್ ದಿ ಗ್ರೌಂಡ್' ತುಣುಕನ್ನು 1991ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದವರು ತಮ್ಮ ಹಿಪ್‌ಹಾಪ್ ಹಾಡಿಗೆ ಎತ್ತಿಕೊಂಡರು. ಇದನ್ನು ನೋಡಲು ಗ್ರೀನ್ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ.

'ಅಲೈವ್!' ಹಿಡಿಸಿದರೆ ಮುಂದೆ ಇನ್ನೊಬ್ಬ ಗಿಟಾರ್ ವಾದಕ ಜಾನ್ ಸ್ಕೋಫೀಲ್ಡ್ ಅವರ 'ಎ ಗೋ ಗೋ' ಕೇಳಿ, 1998ರದ್ದು. ಮೆಡೆಸ್ಕಿ, ಮಾರ್ಟಿನ್ ಮತ್ತು ವುಡ್ ಅನ್ನುವ ಮೂವರ ತಂಡ ಜೊತೆಗಿದೆ. ಗಿಟಾರ್ ಸ್ವಲ್ಪ ಒರಟು, ಸ್ವರಗಳು ಬೇಕೆಂದೇ ವಾರೆ. 'ಚ್ಯಾಂಕ್' ಅನ್ನುವ ಟ್ರ್ಯಾಕ್‌ನ ರಿದಮ್ ನಿಮ್ಮ ಬಲಗೈಗೆ ಬೇಗ ಒಲಿಯುತ್ತದೆ. ಆದರೆ ಮೊದಲೇ ಬೇಡ, ಗ್ರೀನ್ ಆದ ಮೇಲೆ.

– ಸಂ.