ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಟ್ಯಾಂಕ್ ಅಧಿಕಾರಿ ಓಟ್ಟೊ ಕಾರಿಯುಸ್ ಅಷ್ಟೊಂದು ಶತ್ರು ಟ್ಯಾಂಕ್ ಹೊಡೆದದ್ದು ಹೇಗೆ?

ಟೈಗರ್ ಟ್ಯಾಂಕಿನ 88 ಮಿ.ಮೀ. ಫಿರಂಗಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈತನ ಕಣ್ಣು. ಮುಚ್ಚಳ ಹಾಕಿಕೊಂಡು ಒಳಗೆ ಕೂತರೆ ಸಣ್ಣ ಕಿಂಡಿಯಲ್ಲಿ ಕಂಡಷ್ಟೇ ಲೋಕ, ಅಲ್ವಾ? ಹಾಗಾಗಿ ಗುಂಡು ಹಾರುತ್ತಿದ್ದರೂ ಕಾರಿಯುಸ್ ತಲೆ ಹೊರಗಿಟ್ಟು ನೋಡುತ್ತಿದ್ದ, ಎದುರಾಳಿ ತನ್ನನ್ನು ಹುಡುಕುವ ಮೊದಲೇ ಗುರಿ ಹಿಡಿಯುತ್ತಿದ್ದ.

1944ರ ಜುಲೈ 22ರಂದು ಲಾಟ್ವಿಯಾದ ಮಾಲಿನಾವಾ ಹಳ್ಳಿಯಲ್ಲೂ ಇದೇ ಆಟ. ಸುಮ್ನೆ ನುಗ್ಗಲಿಲ್ಲ. ಮೊದಲು ಹತ್ತಿರ ಹೋಗಿ ನೋಡಿ ಬಂದ, ಆಮೇಲೆ ಎರಡೇ ಟೈಗರ್ ಒಳಗೆ ಹೋಗಿ ಸುಮಾರು 20 ನಿಮಿಷದಲ್ಲಿ 17 ಸೋವಿಯತ್ ಟ್ಯಾಂಕ್ ಹೊಡೆದವು (ಲೆಕ್ಕ ಜರ್ಮನ್ನರದ್ದೇ, ನೆನಪಿರಲಿ). ಎರಡು ದಿನ ಬಿಟ್ಟು ಹಾಗೇ ನೋಡಿಬರಲು ಬೈಕಿನಲ್ಲಿ ಹೋದಾಗ ಮೈತುಂಬಾ ಗುಂಡೇಟು.

ಅಂದಹಾಗೆ, ಸಣಕಲ ಅಂತ ಸೇನೆ ಈತನನ್ನು ಮೊದಲು ಎರಡು ಸಲ ವಾಪಸ್ ಕಳಿಸಿತ್ತು! ಯುದ್ಧ ಮುಗಿದ ಮೇಲೆ ಔಷಧಿ ಅಂಗಡಿ ಇಟ್ಟ. ಅದರ ಹೆಸರೂ ಟೈಗರ್.