ವೇದಿಕೆ ಇಳಿದ ಮೇಲಿನ ರಾತ್ರಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. 17 ವರ್ಷ ಸೈನ್ಯದಲ್ಲಿದ್ದೆ. ಈಗ ಗ್ರಾಮ ಪಂಚಾಯಿತಿ ಸದಸ್ಯ. ಮುಂದೆ ದೊಡ್ಡ ಚುನಾವಣೆಗೆ ನಿಲ್ಲು ಅಂತ ಹಿರಿಯರು ಹೇಳುತ್ತಿದ್ದಾರೆ. ಕಾಶ್ಮೀರದಲ್ಲಿ ನನ್ನ ಗೆಳೆಯ ನನ್ನ ಪಕ್ಕದಲ್ಲೇ ತೀರಿಕೊಂಡ. ಪ್ರತಿ ಸಭೆಯಲ್ಲೂ ಅದನ್ನೇ ಹೇಳಿಸುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ರಾತ್ರಿ ನನಗೆ ನಿದ್ದೆ ಇಲ್ಲ. ಅವನ ಸಾವನ್ನು ಮಾರುತ್ತಿದ್ದೇನೆ ಅನಿಸುತ್ತದೆ. ಹೋರಿ ಹಬ್ಬದ ಪಟಾಕಿಗೆ ಮೈ ನಡುಗುತ್ತದೆ. ಕ್ಯಾಂಟೀನ್ ರಮ್ ದಿನಾ ಬೇಕಾಗಿದೆ. ಮೊನ್ನೆ ಮಗನಿಗೆ ಹೊಡೆದೆ. ಡಾಕ್ಟರ ಹತ್ತಿರ ಹೋದರೆ ಹುಚ್ಚ ಅಂತಾರೆ, ರಾಜಕೀಯ ಮುಗಿಯುತ್ತದೆ. ದೇಶದ ಬಗ್ಗೆ ಮಾತಾಡುವ ಸೈನಿಕನೇ ಹೀಗಾದರೆ ಹೇಗೆ?

ಉತ್ತರ: ಅಣ್ಣಾ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಮಾರುತ್ತಿದ್ದೇನೆ’ ಎಂಬ ಮಾತು. ನೀವು ಮಾರುತ್ತಿಲ್ಲ. ಕೇಳಿದವರಿಗೆ ಇಲ್ಲ ಅನ್ನಲಾಗದೆ ಕೊಡುತ್ತಿದ್ದೀರಿ. ಅದನ್ನು ಇವತ್ತಿನಿಂದ ನಿಲ್ಲಿಸಬಹುದು. ಆ ಕಥೆ ನಿಮ್ಮದು. ಅವನ ಮನೆಯವರದು. ಸಭೆಯದಲ್ಲ.

ಯಾಕೆ ನಿಲ್ಲಿಸಬೇಕು ಅಂತ ಹೇಳುತ್ತೇನೆ. ಸಾಮಾನ್ಯ ನೆನಪು ವರ್ಷ ಕಳೆದಂತೆ ಹಳೆಯದಾಗುತ್ತದೆ. ಸಾವಿನ ಬಾಯಿಂದ ಬಂದವರ ಕೆಲವು ನೆನಪು ಹಾಗೆ ಹಳೆಯದಾಗುವುದಿಲ್ಲ. ಪಟಾಕಿ ಸಿಡಿದರೆ ಸಾಕು, ಮೈಗೆ ಅದು ಈಗಲೇ ನಡೆಯುತ್ತಿದೆ. ಗಡಿಯಲ್ಲಿ ಸಣ್ಣ ಸದ್ದಿಗೂ ಎದ್ದು ಕೂರುವ ಎಚ್ಚರ ನಿಮ್ಮನ್ನು ಉಳಿಸಿತ್ತು. ಮನೆಗೆ ಬಂದ ಮೇಲೂ ಆ ಎಚ್ಚರ ಕಾವಲು ಬಿಟ್ಟಿಲ್ಲ, ಅಷ್ಟೇ. ಡಾಕ್ಟರುಗಳು ಇದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ. ನಿಮಗಿರುವುದು ಅದೇ ಅಂತ ಪತ್ರ ನೋಡಿ ನಾನು ಹೇಳಲಾರೆ. ಅದನ್ನು ಅವರೇ ನೋಡಿ ಹೇಳಬೇಕು.

ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡರೆ ಹಗುರಾಗುತ್ತದೆ ಅಂತಾರಲ್ವಾ? ಹಾಗಾದರೆ ವೇದಿಕೆ ಮೇಲೆ ಅಷ್ಟು ಸಲ ಹೇಳಿದರೂ ನಿಮಗೆ ಯಾಕೆ ಹಗುರಾಗಲಿಲ್ಲ? ಅಲ್ಲಿ ನೀವು ಜನರಿಗೆ ಬೇಕಾದಷ್ಟೇ ಹೇಳುತ್ತೀರಿ. ಚಪ್ಪಾಳೆ ಬೀಳುವಲ್ಲಿ ಕಥೆ ಮುಗಿಯುತ್ತದೆ. ಆಮೇಲೆ ಏನಾಯಿತು, ನಿಮ್ಮ ಕೈ ಹೇಗಿತ್ತು, ಯಾವುದನ್ನು ನೆನೆದು ಇವತ್ತಿಗೂ ನಿಮ್ಮನ್ನೇ ಬೈದುಕೊಳ್ಳುತ್ತೀರಿ, ಇದನ್ನು ಯಾರೂ ಕೇಳುವುದಿಲ್ಲ. ಗಾಯ ಬಿಚ್ಚಿ ತೋರಿಸಿ, ಔಷಧಿ ಹಚ್ಚದೆ ಮತ್ತೆ ಮುಚ್ಚಿದ ಹಾಗೆ ಅದು. ಚಿಕಿತ್ಸೆಯಲ್ಲೂ ಮಾತೇ ಇರುತ್ತದೆ. ಆದರೆ ಅಲ್ಲಿ ನಿಧಾನ ಇದೆ. ತಡೆಯಲಾಗದಾಗ ‘ಸಾಕು, ಇವತ್ತಿಗೆ ಇಷ್ಟೇ’ ಅನ್ನುವವರು ಎದುರಿಗಿರುತ್ತಾರೆ. ಬೇಕಾದರೆ ಮಾತ್ರೆಯನ್ನೂ ಕೊಡುತ್ತಾರೆ.

ನಾನು ಬೆಳೆದದ್ದು ಧಾರವಾಡದಲ್ಲಿ. ‘ಇವನನ್ನ ಧಾರವಾಡಕ್ಕೆ ಕಳಿಸಬೇಕು’ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮದುವೆ ಮನೆಯಲ್ಲೂ ಅದನ್ನು ಹೇಳಿ ನಗುತ್ತಾರೆ. ಆ ನಗುವಿಗೆ ಹೆದರಿ ಎಷ್ಟು ಮಂದಿ ಮನೆಯಲ್ಲೇ ನರಳಿದ್ದಾರೋ. ಆ ಮಾತಿನ ಹಿಂದಿರುವ ಧಾರವಾಡದ ಮಾನಸಿಕ ಆಸ್ಪತ್ರೆಯೇ ಇವತ್ತು ಡಿಮ್ಹಾನ್ಸ್. ನಿದ್ದೆ ಬಾರದವರು, ಕುಡಿತ ಬಿಡಬೇಕೆನ್ನುವವರು, ಪರೀಕ್ಷೆಗೆ ಹೆದರಿದ ಮಕ್ಕಳು ಎಲ್ಲರೂ ಅಲ್ಲಿಗೆ ಬರುತ್ತಾರೆ. ಊರಿಗೆ ಹತ್ತಿರ ಬೇಕು ಅಂದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳಬಹುದು. ಮಾಜಿ ಸೈನಿಕರ ಚಿಕಿತ್ಸೆಗಿರುವ ನಿಮ್ಮ ಇಸಿಎಚ್‌ಎಸ್ ಕಾರ್ಡ್‌ನಲ್ಲೂ ದಾರಿ ಇದೆ. ಮೊದಲು ಬರೀ ಮಾತಾಡಿ ನೋಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಚುನಾವಣೆ. ಚಿಕಿತ್ಸೆ ಪಡೆದದ್ದಕ್ಕೆ ಯಾರೂ ಅನರ್ಹರಾಗುವುದಿಲ್ಲ. ಶಾಸಕರ ವಿಷಯದಲ್ಲಿ ಸಂವಿಧಾನದ 191ನೇ ವಿಧಿ ಹೇಳುವುದು, ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಕೋರ್ಟು ಘೋಷಿಸಿದವರ ಬಗ್ಗೆ. ಡಾಕ್ಟರ ಚೀಟಿಯ ಬಗ್ಗೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನೂ ನಿಮಗೆ ಕೊಟ್ಟಿದೆ. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಹೇಳಿದವರೂ ಇದ್ದಾರೆ. ಅಮೆರಿಕದ ಜೇಸನ್ ಕ್ಯಾಂಡರ್ ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿದ ಸೇನಾಧಿಕಾರಿ. ಆಮೇಲೆ ರಾಜಕಾರಣಿ. 2018ರಲ್ಲಿ ಕಾನ್ಸಾಸ್ ಸಿಟಿ ಮೇಯರ್ ಚುನಾವಣೆಗೆ ನಿಂತಿದ್ದವರು, ನನಗೆ ಖಿನ್ನತೆ ಇದೆ, ಪಿಟಿಎಸ್‌ಡಿ ಲಕ್ಷಣ ಇವೆ, ಚಿಕಿತ್ಸೆಗೆ ಹೋಗುತ್ತೇನೆ ಅಂತ ಬಹಿರಂಗವಾಗಿ ಹೇಳಿ ಕಣದಿಂದ ಸರಿದರು. ಯುದ್ಧಭೂಮಿ ಬಿಟ್ಟು ಸುಮಾರು 11 ವರ್ಷ ಆಗಿತ್ತು. ಮುಂದೆ ಅವರು ಮನೆಯಿಲ್ಲದ ಮಾಜಿ ಸೈನಿಕರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯಲ್ಲಿ ದುಡಿದರು. ನೀವೂ ಸರಿಯಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲು ನಿದ್ದೆ, ಆಮೇಲೆ ಟಿಕೆಟ್. ಈ ಸರದಿ ಮಾತ್ರ ತಪ್ಪಿಸಬೇಡಿ.

ದೇಶದ ಬಗ್ಗೆ ಕೇಳಿದ್ದೀರಿ. ಹುಬ್ಬಳ್ಳಿಯ ಬೆಂಗೇರಿಗೆ ಯಾವಾಗಲಾದರೂ ಹೋಗಿದ್ದೀರಾ? ನೀವು ಸೆಲ್ಯೂಟ್ ಮಾಡಿದ ಖಾದಿ ಬಾವುಟ ಅಲ್ಲೇ ಹೊಲಿದದ್ದಿರಬಹುದು. ಅಲ್ಲಿ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಚಕ್ರದ 24 ಕಡ್ಡಿ ಸರಿ ಬರಬೇಕು. ಅಳತೆ ಸ್ವಲ್ಪ ತಪ್ಪಿದರೂ ಬಾವುಟ ಹೊರಗೆ ಹೋಗುವುದಿಲ್ಲ. ಅವರು ಮನೆಗೆ ಹೋಗಿ ಬೆನ್ನುನೋವಿಗೆ ಎಣ್ಣೆ ಹಚ್ಚಿಕೊಂಡರೆ ಅವರ ದೇಶಪ್ರೇಮ ಕಡಿಮೆಯಾಯಿತು ಅಂತ ನೀವು ಅನ್ನುತ್ತೀರಾ? ನಿಮ್ಮ ಮನಸ್ಸಿನ ನೋವಿಗೆ ಮಾತ್ರ ಬೇರೆ ತಕ್ಕಡಿ ಯಾಕೆ?

2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಲುಕಿದ್ದ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಬದುಕಿ ಬರಲಿ ಅಂತ ನಮ್ಮ ಭಾಗದ ಜನ ಗುಡಿ, ದರ್ಗಾ, ಚರ್ಚು ಅನ್ನದೆ ಬೇಡಿಕೊಂಡರು. ಆಗ ಆ ಜನರಿಗೆ ಬೇಕಾಗಿದ್ದದ್ದು ಭಾಷಣ ಅಲ್ಲ. ಬದುಕಿ ಬರುವ ಮನುಷ್ಯ. ನೀವು ಬದುಕಿ ಬಂದಿದ್ದೀರಿ.

ಮುಂದಿನ ಆಗಸ್ಟ್ 15ಕ್ಕೆ ಕರೆದರೆ ಗೆಳೆಯನ ಸಾವು ಬೇಡ, ಅವನ ಬದುಕು ಹೇಳಿ. ಏನು ತಿನ್ನುತ್ತಿದ್ದ, ಯಾವ ಭಾಷೆಯಲ್ಲಿ ಬೈಯುತ್ತಿದ್ದ, ಊರಿಂದ ಏನು ತರುತ್ತಿದ್ದ. ಅದೂ ಆಗದಿದ್ದರೆ ಬಾವುಟ ಏರಿಸಿ, ಮಕ್ಕಳಿಗೆ ಪೇಡೆ ಹಂಚಿ ಬನ್ನಿ. ಸಾಕು.

ರಮ್ ಬಗ್ಗೆ ಒಂದು ಮಾತು. ಅದು ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಆದರೆ ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರಿಗೆ ನಿಜ ಹೇಳಿ, ಅವರು ಹೇಳಿದಂತೆ ಬಿಡಿ. ಮನೆಯಲ್ಲಿ ಲೈಸೆನ್ಸ್ ಬಂದೂಕು ಇದ್ದರೆ ಸದ್ಯಕ್ಕೆ ಅದು ಅಲ್ಲಿರುವುದು ಬೇಡ. ಅದನ್ನು ಸರಿಯಾದ ರೀತಿಯಲ್ಲಿ ಬೇರೆಡೆ ಇಡುವುದು ಹೇಗೆ ಅಂತ ಠಾಣೆಯಲ್ಲಿ ಕೇಳಿ. ಸಾಯಬೇಕು ಅಂತ ಒಂದು ಸಲ ಅನಿಸಿದರೂ ಹೆಂಡತಿಯನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಮಗನ ಹತ್ತಿರ ಇವತ್ತು ಸಂಜೆಯೇ ಕೂತುಕೊಳ್ಳಿ. ‘ಹೊಡೆದದ್ದು ತಪ್ಪು. ನಿನ್ನದೇನೂ ತಪ್ಪಿರಲಿಲ್ಲ. ನನಗೆ ಹುಷಾರಿಲ್ಲ, ತೋರಿಸಿಕೊಂಡು ಬರುತ್ತೇನೆ’ ಅನ್ನಿ. ಆಸ್ಪತ್ರೆಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ. ರಾತ್ರಿ ನೀವು ಏನೇನು ಕೂಗುತ್ತೀರಿ ಅಂತ ಡಾಕ್ಟರಿಗೆ ಹೇಳಲು ಅವರಿಗೇ ಗೊತ್ತು.